ರೊಟ್ಟಿ ತಿಂದ ಪುಸ್ತಕಗಳು

ಇದನ್ನು ನೀವು ನಂಬುವುದಿಲ್ಲ. ನಂಬಲೇಬೇಕು ಅಂತ ನನಗೂ ಹಟವಿಲ್ಲ. ಮನೆಯಲ್ಲಿ ನಾನು ಹೊಟ್ಟೆ ಹಸಿದಿದೆ ಅಂದರೂ ಅವ್ವ ಒಮ್ಮೆ ನನ್ನ ಮುಖ ನೋಡಿ ಖಾತ್ರಿ ಮಾಡಿಕೊಂಡೇ ತಾಟು ಇಡುತ್ತಾಳೆ. ಆದರೆ ಶಹಾಪುರದ ನಮ್ಮ ಓಣಿಯಲ್ಲಿ ಪುಸ್ತಕಗಳಿಗೆ ರೊಟ್ಟಿ ತಿನ್ನಿಸುವವಳು ಒಬ್ಬಳಿದ್ದಳು. ಖರೇ ಜೋಳದ ರೊಟ್ಟಿ. ಪುಸ್ತಕದ ಬೆನ್ನಿನೊಳಗೆ ಒಂದು ಚೂರು ಇಟ್ಟು, ಮೇಲೆ ಬಟ್ಟೆ ಎಳೆದು, ದಬ್ಬಣದಿಂದ ಹೊಲಿದುಬಿಡುತ್ತಿದ್ದಳು. ಗಣಿತದ ಪುಸ್ತಕವಾದರೆ ಜೊತೆಗೆ ಒಂಚೂರು ಬೆಲ್ಲ.

ಆಕೆಗೆ ಒಂದು ಹೆಸರು ಇದ್ದೇ ಇರಬೇಕು, ಆದರೆ ಆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ. ನನಗೂ ಆಯಿ, ನನ್ನಪ್ಪನಿಗೂ ಆಯಿ, ಆಕೆಗಿಂತ ವಯಸ್ಸಾದ ಕಿರಾಣಿ ಅಂಗಡಿ ಮುದುಕನಿಗೂ ಆಯಿ. ಕೆಲಸ ಕೌದಿ, ಅಂದರೆ ಹಳೇ ಬಟ್ಟೆಗಳ ಪದರಿನ ಹೊದಿಕೆ, ಹೊಲಿಯುವುದು. ಹರಿದ ಸೀರೆ, ಸವೆದ ಧೋತರ, ದರ್ಜಿಯ ಮಿಷನ್ನಿನ ಕೆಳಗೆ ಬಿದ್ದ ತುಂಡುಗಳು, ಎಲ್ಲ ಕೊನೆಗೆ ಆಯಿಯ ಕಟ್ಟೆಗೇ ಬಂದು ಸೇರುತ್ತಿದ್ದವು.

ಹೋದ ತಿಂಗಳು ಆಯಿ ನಿವೃತ್ತಿಯಾದಳು. ಕೌದಿ ಹೊಲಿಯುವವರಿಗೆ ನಿವೃತ್ತಿ ಅಂತ ಒಂದಿದೆ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಎದುರು ಮನೆಯ ಕಾಕಾ ಕಾಲುವೆಯ ಗೇಟು ತಿರುಗಿಸುವ ಕೆಲಸದಲ್ಲಿದ್ದವನು. ಅವನ ಸೇವೆ ಮುಗಿದಾಗ ಆಫೀಸಿನವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಜೀಪಿನಲ್ಲಿ ಮನೆಗೆ ತಂದು ಬಿಟ್ಟರು. ಆಯಿ ಕಟ್ಟೆಯ ಮೇಲಿಂದ ಎಲ್ಲ ನೋಡಿದಳು.

“ಬರೇ ಗೇಟ್ ತಿರುವಿದಾಂವಗ ಇಷ್ಟ ಮೆರವಣಿಗಿ. ನಾ ಇಡೀ ಓಣಿಗಿ ಹೊಚ್ಚೀನಿ. ನಂಗ್ಯಾಕಿಲ್ಲ?”

“ನಿನ್ನ ಆಫೀಸ್ ಯಾವ್ದು ಆಯಿ?” ಅಂದ ಕಾಕಾ.

“ಇದ ಕಟ್ಟಿ. ಸಾಹೇಬನೂ ನಾನ, ಜವಾನನೂ ನಾನ.”

ಕಣ್ಣಿಗೆ ಮಬ್ಬು ಬಂದು ಸೂಜಿಯ ಕಣ್ಣು ಕಾಣದ ಹಾಗೆ ಆಗಿತ್ತು, ಪಾಪ. ಓಣಿಯವರು ಸೇರಿ ಹಾರ ತಂದೆವು. ಹಾರ ಕೊರಳಿಗೆ ಬಿದ್ದದ್ದೇ ತಡ, ಆಯಿ ಚೆಂಡುಹೂಗಳನ್ನೆಲ್ಲ ಉದುರಿಸಿ ದಾರ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು. “ಗಟ್ಟಿ ದಾರ ಅದ. ಯಾರಿಗರ ಬರ್ತದ.” ಕಾಕಾ ತನ್ನದೇ ಶಾಲನ್ನು ಎರವಲು ತಂದು ಹೊದಿಸಿದ್ದ. ಆಯಿ ಅದನ್ನು ಅಲ್ಲೇ ಗೇಣಿನಿಂದ ಅಳೆದು, “ನಡುವ ಚಲೋ ಅದ, ಎರಡೂ ಕಡಿ ಕತ್ತರಸಬೇಕು” ಅಂದಳು. ಕಾಕಾ ಭಾಷಣ ಅರ್ಧಕ್ಕೆ ಬಿಟ್ಟು ಶಾಲು ವಾಪಸ್ ಕಸಿದುಕೊಂಡ.

ಅವತ್ತಿನಿಂದ ಆಯಿಯ ಬಗ್ಗೆ ಬರೆಯಬೇಕು ಅಂತ ನನ್ನ ಕೈ ಕಡಿಯುತ್ತಿದೆ. ಎಲ್ಲಿಂದ ಶುರು ಮಾಡುವುದು ಅನ್ನುವುದೇ ತೊಂದರೆ. ಸೂಜಿಯಿಂದ ಮಾಡಿದರೆ ಸೂಜಿ ಒಂದೇ ಕಡೆ ಇರುತ್ತಿರಲಿಲ್ಲ. ಸೆರಗಿನಲ್ಲಿ ಸೂಜಿ, ತುರುಬಿನಲ್ಲಿ ದಬ್ಬಣ, ಕನ್ನಡಕದ ಮುರಿದ ಕಾಲಿನ ಜಾಗದಲ್ಲಿ ದಾರ, ಆ ದಾರದ ತುದಿಯಲ್ಲಿ ಮತ್ತೊಂದು ಸೂಜಿ. ಆಯಿಯನ್ನು ಪ್ರೀತಿಯಿಂದ ತಬ್ಬಿಕೊಳ್ಳುವುದೂ ಜಾಲಿಗಿಡವನ್ನು ತಬ್ಬಿಕೊಳ್ಳುವುದೂ ಒಂದೇ. ನಮ್ಮ ಓಣಿಯ ಕೂಸುಗಳೆಲ್ಲ ಈ ಪಾಠವನ್ನು ಅಂಬೆಗಾಲಿನಲ್ಲೇ ಕಲಿತಿವೆ.

ಮನುಷ್ಯರನ್ನು ಆಯಿ ಮುಖದಿಂದ ಗುರುತು ಹಿಡಿಯುತ್ತಿರಲಿಲ್ಲ, ಬಟ್ಟೆಯಿಂದ ಹಿಡಿಯುತ್ತಿದ್ದಳು. ನಿಮ್ಮ ಅಂಗಿಯ ಕಾಲರು ಮುಟ್ಟಿ ನೋಡಿ, ಇದು ಇನ್ನೆಷ್ಟು ಕಾಲ ನಿಮ್ಮದು, ಯಾವಾಗಿನಿಂದ ತನ್ನದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಒಮ್ಮೆ ಮದುವೆಯೊಂದರಲ್ಲಿ ಮದುಮಗನ ತಲೆಗೆ ಅಕ್ಕಿಕಾಳು ಹಾಕುತ್ತ ಅವನ ಕೋಟಿನ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ, “ಚಲೋ ಬಾಳ್ರಿ. ಈ ಕೋಟ್ ಹರದ ಮ್ಯಾಲ ಬ್ಯಾರೆಯವ್ರಿಗೆ ಕೊಡಬ್ಯಾಡ್ರಿ ಮತ್ತ” ಅಂದಳು. ಮದುಮಗ ಊಟ ಮುಗಿಯುವ ತನಕ ಕೋಟಿನ ಗುಂಡಿ ಬಿಚ್ಚಲಿಲ್ಲ.

ಹಾಗಾಗಿ ಆಯಿಯ ಕೌದಿ ಹೊದ್ದು ಮಲಗಿದರೆ ಇಡೀ ಓಣಿಯ ಜೊತೆ ಮಲಗಿದ ಹಾಗೆ. ನಮ್ಮನೆಯ ಕೌದಿಯಲ್ಲಿ ಕಾಲಿನ ಹತ್ತಿರ ಕಾಕಾನ ಖಾಕಿ ಪ್ಯಾಂಟಿದೆ, ಹೊಟ್ಟೆಯ ಮೇಲೆ ಕಿರಾಣಿ ಮುದುಕ ತಲೆಗೆ ಸುತ್ತುತ್ತಿದ್ದ ಪಟಗಾ ಇದೆ, ಸರಿಯಾಗಿ ಬಾಯಿಯ ಹತ್ತಿರ ನಮ್ಮ ಸಾಲಿಯ ಹೆಡ್ ಮೇಡಂ ಅವರ ಹಸಿರು ರೇಷ್ಮೆ ಜಂಪರಿದೆ. ಹೆಡ್ ಮೇಡಂ ಅವರ ಜಂಪರಿನ ಮೇಲೆ ಜೊಲ್ಲು ಸುರಿಸಿದ ಏಕೈಕ ವಿದ್ಯಾರ್ಥಿನಿ ನಾನು. ಈ ದಾಖಲೆಯನ್ನು ಯಾರೂ ಮುರಿಯಲಾರರು.

ಆಯಿಗೆ ವಿನಯ ಅಂದರೇನು ಅಂತ ಗೊತ್ತಿರಲಿಲ್ಲ. ಕಾಲುವೆಯ ಪ್ರಸಂಗ ಕೇಳಿ. ಕಾಲುವೆ ಬರುವ ಮೊದಲು ಕೌದಿಗಳನ್ನು ವರ್ಷಕ್ಕೊಮ್ಮೆ, ಅದೂ ಹಳ್ಳಕ್ಕೆ ಮನಸ್ಸು ಬಂದರೆ, ಒಗೆಯುತ್ತಿದ್ದರಂತೆ. ಈಗ ನೀರು ಬಿಟ್ಟರೆ ಸಾಕು, ದಂಡೆಯ ತುಂಬ ಕೌದಿ. ಒಣಗಿದ ಕೌದಿಯನ್ನು ಒಬ್ಬಳು ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು. ನೀರು ಕುಡಿದ ಕೌದಿ ಎಮ್ಮೆ. ಒಂದು ದಿನ ಆಯಿಯ ಎಮ್ಮೆ ಕೈತಪ್ಪಿ ನೀರಿನ ಸೆಳವಿಗೆ ಹೊರಟೇಬಿಟ್ಟಿತು. ಆಯಿ ಸೀರೆ ಎತ್ತಿ ಕಟ್ಟಿ ದಂಡೆಯ ಮೇಲೆ ಅದರ ಜೊತೆಜೊತೆಗೇ ಓಡಿದಳು. “ಏ, ನಿಂದ್ರು! ಎಲ್ಲಿಗಿ ಹೊಂಟಿ? ನಿಂದ್ರಲೇ!” ಅಂತ ಕೌದಿಗೇ ಬೈಯುತ್ತ. ಮುಂದೆ ಗೇಟಿನ ಹತ್ತಿರ ಕಾಕಾ ಬೀಡಿ ಸೇದುತ್ತ ನಿಂತಿದ್ದ.

“ಗೇಟ್ ಹಾಕೋ!”

“ಆಯಿ, ಕೆಳಗ ನೆಲ್ಲಿನ ಗದ್ದಿ ಅದಾವ. ನೀರ್ ನಿಂದ್ರಸಾಕ ಸಾಹೇಬ್ರ ಆರ್ಡರ್ ಬೇಕು.”

“ನೀರಿಗಿ ಬೇಕಲ್ಲ ಆರ್ಡರ್? ನೀರ್ ಹೋಗ್ಲಿ. ಕೌದಿಗಿ ಅಷ್ಟ ಹಾಕು!”

ಕಾಕಾ ಈ ಮಾತಿನ ಬಗ್ಗೆ ಯೋಚಿಸುತ್ತಿರುವಾಗಲೇ ಕೌದಿ ತಾನೇ ಹೋಗಿ ಗೇಟಿಗೆ ಅಡ್ಡ ಬಡಿದು, ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೂತಿತು. ನೀರು ನಿಂತಿತು. ಕಾಲುವೆ ನೀರಿಗೆಂದು ಬಂದು ನೆಲೆಸಿದ ಕೆಳಗಿನ ಕ್ಯಾಂಪಿನ ರೈತರು ಜಗಳಕ್ಕೆಂದು ಸಲಿಕೆ ಹಿಡಿದು ಬಂದು ನೋಡಿದರೆ, ಆಯಿ ಗೇಟಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. “ಬರ್ರಿ, ಬಂದು ನೋಡ್ರಿ ಹೊಲಿಗಿ! ಇಡೀ ಕಾಲುವಿ ತಡದಾದ, ಒಂದು ಎಳಿ ಬಿಚ್ಚಿಲ್ಲ!” ಜಗಳಕ್ಕೆ ಬಂದವರಲ್ಲಿ ಇಬ್ಬರು ಕೌದಿ ಹೊಲಿಯಲು ಹೇಳಿ ಹೋದರು.

ಇಷ್ಟು ಜಂಬದ ಆಯಿಗೂ ಒಂದು ಕೊರಗಿತ್ತು. ನಮ್ಮೂರ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಚಳಿಗಾಲದ ಮುಂಜಾನೆ ಆಯಿ ಅದನ್ನು ನೋಡಿ, “ಬುದ್ಧಪ್ಪ ಬರಿಮೈಲೆ ಮಲಗ್ಯಾನ. ಯಾದಗಿರಿಯಿಂದ ಸುರಪುರದ ತನಕ ಎಲ್ಲರ ಹಳೀ ಅರಿವಿ ಕೂಡಿಸಿದ್ರ ಅವಂಗೊಂದು ಕೌದಿ ಆದೀತು” ಅನ್ನುತ್ತಿದ್ದಳು. ಅಂಚು ಯಾವ ಬಣ್ಣದ್ದು ಅನ್ನುವುದನ್ನೂ ಯೋಚಿಸಿದ್ದಳು. ಒಂದು ದಿನ ಮಾತ್ರ ಹಾಗೆ ಅನ್ನಲಿಲ್ಲ.

“ಏ ಬಾಯಬಡಕಿ,” ಅಂದಳು. ನನ್ನನ್ನೇ. “ಈ ಊರಾಗ ಗುಡ್ಡಾನೂ ಮಲಗ್ಯಾದ, ನನ್ನ ಕೆಲಸಾನೂ ಮಲಗ್ಯಾದ. ಹುಟ್ಟಿದಾಗಿಂದ ಹೊಲದದ್ದೆಲ್ಲ ಮಂದಿ ಕುಂಡಿ ಕೆಳಗ ಹೋಗ್ಯಾದ. ಹೊಚಗೊಂಡಾಂವ ಕಣ್ಣು ಮುಚ್ಚತಾನ, ಕೌದಿ ಯಾರ್ ನೋಡ್ತಾರ? ಒಂದರ ಕೆಲಸ ಎದ್ದು ನಿಂದ್ರಬೇಕು. ಮಂದಿ ಕಣ್ಣು ತೆರದು ನೋಡಬೇಕು.”

ಆ ನಿಲ್ಲುವ ಕೆಲಸವನ್ನು ಆಕೆಗೆ ತಂದುಕೊಟ್ಟವಳು ನಾನೇ. ಈ ಭಾಗದಲ್ಲಿ ನನ್ನನ್ನು ನಾನು ಸ್ವಲ್ಪ ಹೊಗಳಿಕೊಂಡರೆ ತಪ್ಪು ತಿಳಿಯಬೇಡಿ.

ಎಂಟನೇ ಕ್ಲಾಸಿನಲ್ಲಿ ನನಗೆ ಸಿಕ್ಕ ವಿಜ್ಞಾನದ ಪುಸ್ತಕ ಹಿಂದಿನ ಎಷ್ಟು ಬ್ಯಾಚುಗಳ ಕೈ ದಾಟಿ ಬಂದಿತ್ತೋ, ತೆರೆದರೆ ಇಸ್ಪೀಟಿನ ಎಲೆಗಳ ಹಾಗೆ ಬೀಳುತ್ತಿತ್ತು. ಹೂವಿನ ಭಾಗಗಳ ನಡುವೆ ಕಪ್ಪೆಯ ಜೀರ್ಣಾಂಗ ಬಂದು ಕೂತಿತ್ತು. ಆಯಿ ಅದನ್ನು ಕಸಿದುಕೊಂಡಳು. “ಹೊಲಿಗಿ ಬಿಚ್ಚ್ಯಾದ, ಅಷ್ಟ. ಇದೂ ಪದರು ಪದರು, ಕೌದಿನೂ ಪದರು ಪದರು.” ಸಂಜೆಗೆ ಪುಸ್ತಕ ತಯಾರು. ಕಲ್ಲಿನಂತೆ ಗಟ್ಟಿ. ಒಂದೇ ತೊಂದರೆ, ಕೌದಿಗೆ ಹಾಕುವ ಹಾಗೆ ಪುಟಗಳ ನಡುಮಧ್ಯದಲ್ಲೇ ಸಾಲುಸಾಲು ಹೊಲಿಗೆ ಹಾಕಿದ್ದಳು. ತೆರೆಯಲು ಬರುತ್ತಿರಲಿಲ್ಲ.

“ತೆರಿಯಾಕ ಬರಂಗಿಲ್ಲಲ್ಲ ಆಯಿ!”

“ತೆರದ್ರ ಮತ್ತ ಹರೀತದ. ಮುಚ್ಚಿಟ್ಟು ಓದು.”

ಆಮೇಲೆ ಬಿಚ್ಚಿ, ಪುಟಗಳನ್ನು ಮಡಚಿ ಕಟ್ಟು ಕಟ್ಟು ಮಾಡಿ, ಮಡಿಕೆಯ ಮೇಲಷ್ಟೇ ದಬ್ಬಣ ಹಾಕುವುದನ್ನು ತಾನೇ ಮೂರು ಸಲ ಕೆಡಿಸಿ ಕಲಿತಳು. ಸೀರೆಯ ಡಬ್ಬಿಯ ರಟ್ಟು ಮೇಲೊಂದು ಕೆಳಗೊಂದು. ಮೈದಾ ಹಿಟ್ಟಿನ ಅಂಟು. ಕೌದಿಯ ಅಂಚಿಗೆ ಸಾಲದೆ ಉಳಿದ ಬೆರಳಗಲದ ಪಟ್ಟಿಗಳು ಒಂದು ಮೂಟೆ ಬಿದ್ದಿದ್ದವು. ಕೌದಿಗೂ ಬೇಡವಾದ ಆ ಚಿಂದಿಯ ಚಿಂದಿ ಪುಸ್ತಕದ ಬೆನ್ನಿಗೆ, ಸುತ್ತಂಚಿಗೆ ಅಳತೆ ತೆಗೆದ ಹಾಗೆ ಕೂತಿತು. ನನ್ನ ವಿಜ್ಞಾನಕ್ಕೆ ಇಳಕಲ್ ಸೀರೆಯ ಕೆಂಪು ಅಂಚು ಬಂತು. ಬೆನ್ನಿನ ಬಟ್ಟೆ ಮುಚ್ಚುವ ಮೊದಲು ಆಯಿ ತಾಟಿನಿಂದ ಒಣ ರೊಟ್ಟಿಯ ಉಗುರಿನಷ್ಟು ಚೂರು ಮುರಿದು ಒಳಗಿಟ್ಟಳು.

ನನಗೇನೂ ಆಶ್ಚರ್ಯವಾಗಲಿಲ್ಲ. ಪ್ರತಿ ಕೌದಿಯ ಕೊನೆಯ ಮೂಲೆ ಹೊಲಿಯುವಾಗಲೂ ಆಕೆ ಹೀಗೇ ಮಾಡುತ್ತಿದ್ದಳು. “ಕೌದಿ ಹಸಕೊಂಡು ಇರಬಾರ್ದು. ಹಸದ ಕೌದಿ ಬೆಚ್ಚಗ ಇಡಂಗಿಲ್ಲ. ನಮ್ಮವ್ವ ಹೇಳ್ಯಾಳ.” ನಮ್ಮವ್ವ ಹೇಳ್ಯಾಳ ಅಂದರೆ ಮುಗಿಯಿತು, ಕೋರ್ಟಿನ ಮೊಹರು ಬಿದ್ದ ಹಾಗೆ. ಯಾದಗಿರಿ ಹತ್ತಿರದ ರಾಮಸಮುದ್ರ ಆಯಿಯ ತವರು. ಅಲ್ಲಿದ್ದ ಆ ಅವ್ವ ಯಾವ ಕಾಲದಲ್ಲೋ ತೀರಿಹೋಗಿರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಯಿ ಅವಳ ಬಗ್ಗೆ ಮಾತಾಡುತ್ತಿದ್ದದ್ದೇ ದೇವರ ಬಗ್ಗೆ ಮಾತಾಡುವ ಹಾಗೆ, ಮೇಲೆ ಕೈಮಾಡಿ.

“ಪುಸ್ತಕಕ್ಕೂ ಹಸವೇನ್ ಆಯಿ?”

“ಹಸದ ಪುಸ್ತಕ ತೆಲಿಯಾಗ ಏನ್ ಇಡ್ತದ? ಮದ್ಲ ಅದರ ಹೊಟ್ಟಿ ತುಂಬಸು, ಆಮ್ಯಾಲ ಅದು ನಿನ್ನ ತೆಲಿ ತುಂಬಸ್ತದ.”

ಆ ಪುಸ್ತಕವನ್ನು ನಾನು ಸಾಲಿಯಲ್ಲಿ ಹೇಗೆ ತೋರಿಸಿದೆ ಅನ್ನುತ್ತೀರಿ! ಓದಿದ್ದು ಕಡಿಮೆ, ಎತ್ತಿ ಹಿಡಿದದ್ದೇ ಹೆಚ್ಚು. ಹುಡುಗಿಯರೆಲ್ಲ ತಮ್ಮ ತಮ್ಮ ಹರಿದ ಪುಸ್ತಕ ಹಿಡಿದು ಆಯಿಯ ಕಟ್ಟೆಗೆ ಬಂದರು. ಹರಿದಿರದವರು ಹರಿದುಕೊಂಡು ಬಂದರು. ಕೊನೆಗೆ ಹೆಡ್ ಮೇಡಂ ನನ್ನ ಪುಸ್ತಕ ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ನಮ್ಮ ಸಾಲಿಯ ಗ್ರಂಥಾಲಯ ಅಂದರೆ ಗಾಜಿನ ಬಾಗಿಲಿನ ಒಂದು ಅಲ್ಮಾರಿ. ಒಳಗಿನ ಪುಸ್ತಕಗಳಿಗೆ ನಿಲ್ಲುವ ಶಕ್ತಿ ಹೋಗಿ ಒಂದರ ಮೇಲೊಂದು ಬಿದ್ದಿದ್ದವು. ಮೇಡಂ ಅವನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಆಯಿಗೆ ಕಳಿಸಿದರು.

ಆ ಮಳೆಗಾಲ ನಮ್ಮ ಓಣಿಯಲ್ಲಿ ಯಾರಿಗೂ ಹೊಸ ಕೌದಿ ಸಿಗಲಿಲ್ಲ. ಕೇಳಿದವರಿಗೆ ಆಯಿ, “ನಿಂತ ಕೆಲಸ ನಡದಾದ, ಮಲಗೋ ಕೆಲಸ ಆಮ್ಯಾಲ” ಅನ್ನುತ್ತಿದ್ದಳು. ಕತೆಪುಸ್ತಕಗಳಿಗೆ ಹೂವಿನ ಚೀಟಿಬಟ್ಟೆ, ವಿಜ್ಞಾನಕ್ಕೆ ಕಾಕಾನ ಖಾಕಿ, ದೊಡ್ಡ ಶಬ್ದಕೋಶಕ್ಕೆ ಹೆಡ್ ಮೇಡಂ ಅವರದೇ ಇನ್ನೊಂದು ಹಸಿರು ಜಂಪರು. ಎಲ್ಲವೂ ತಯಾರಾಗಿ ಗಾಜಿನ ಅಲ್ಮಾರಿಯಲ್ಲಿ ಸಾಲಾಗಿ ನಿಂತಾಗ ಆಯಿ ಸಾಲಿಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಗಾಜಿಗೆ ಮೂಗು ತಾಗಿಸಿ ನಿಂತಳು. ಆಕೆ ಹೊರಟ ಮೇಲೆ ಗಾಜಿನ ಮೇಲೆ ಮೂಗಿನ ಗುರುತಿತ್ತು. ನಾನು ಒರೆಸಲಿಲ್ಲ.

ಅದೇ ದಿನ ಆಯಿ ಬಸ್ ಸ್ಟ್ಯಾಂಡಿಗೆ ಹೋಗಿ ಯಾದಗಿರಿ ಬಸ್ಸಿನ ಕಂಡಕ್ಟರನಿಗೆ, “ರಾಮಸಮುದ್ರದವ್ರು ಯಾರರ ಹತ್ತಿದ್ರ ಹೇಳಿ ಕಳಸಪ್ಪಾ, ನನ್ನ ಕೆಲಸ ನಿಂತಾದ ಅಂತ” ಅಂದು ಬಂದಳು. ಯಾರಿಗೆ ಹೇಳಬೇಕು ಅಂತ ನಾನು ಕೇಳಲಿಲ್ಲ. ತವರಿನವರಲ್ಲಿ ಯಾರಿಗೋ ಇರಬೇಕು ಅಂದುಕೊಂಡೆ.

ಕೆಲ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಇರುವೆ ಬಂದವು.

ಕೆಂಪಿರುವೆ. ಕಿಟಕಿಯಿಂದ ಇಳಿದು, ಹಲಗೆ ದಾಟಿ, ಅಲ್ಮಾರಿ ಹತ್ತಿ, ಪ್ರಾರ್ಥನೆಗೆ ನಿಂತ ಮಕ್ಕಳಿಗಿಂತ ಚೆಂದದ ಸಾಲಿನಲ್ಲಿ. ಮೇಡಂ ಅಲ್ಮಾರಿಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರು. ಒಳಗೆ ಹೊಕ್ಕವು ಒಳಗೇ ಉಳಿದವು. ಅದರಲ್ಲೂ ಗಣಿತದ ಪುಸ್ತಕಗಳ ಮೇಲೆ ಅವುಗಳಿಗಿದ್ದ ಪ್ರೀತಿ ನಮ್ಮ ಸಾಲಿಯಲ್ಲಿ ಯಾರಿಗೂ ಇರಲಿಲ್ಲ. ಕಾರಣ ನನಗೆ ಗೊತ್ತಿತ್ತು, ಮೇಡಂ ಅವರಿಗೂ ಹೇಳಿದೆ. ಗಣಿತ ಕಠಿಣ ಅಂತ ನಾನೇ ಅಂದಿದ್ದಕ್ಕೆ ಆಯಿ ಅವಕ್ಕೆ ಬೆಲ್ಲ ಸೇರಿಸಿದ್ದಳು. ನನ್ನ ಪುಸ್ತಕಕ್ಕೆ ಮಾತ್ರ ಒಂದೂ ಇರುವೆ ಬರಲಿಲ್ಲ. ನನ್ನ ಚೀಲದಲ್ಲಿ ಅವಕ್ಕೆ ಅದಕ್ಕಿಂತ ರುಚಿಯಾದ ವಸ್ತುಗಳು ಬಹಳ ಇದ್ದವು.

ಇದರ ನಡುವೆ ಮೇಲಿನ ಆಫೀಸಿನ ಸಾಹೇಬರು ಗ್ರಂಥಾಲಯ ನೋಡಲು ಬರುವವರಿದ್ದರು. ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಹೆಡ್ ಮೇಡಂ ಖುದ್ದು ಆಯಿಯ ಮನೆಗೆ ಬಂದರು. ಹಿಂದೆ ಗೋಣಿಚೀಲ ಹೊತ್ತು ನಾನು. ಇರುವೆಗಳು ನನ್ನ ಕುತ್ತಿಗೆಯಲ್ಲಿ ಗುಣಾಕಾರ ಮಾಡುತ್ತಿದ್ದವು.

“ಆಯಿ, ನಿಮ್ಮ ಕೆಲಸಕ್ಕ ನಾ ಹೆಸರಿಡಂಗಿಲ್ಲರಿ. ಬೆನ್ನ ಬಿಚ್ಚಿ ರೊಟ್ಟಿ ತಗದು ಮತ್ತ ಹೊಲದು ಕೊಡ್ರಿ, ಸಾಕು. ಇಲ್ಲಂದ್ರ ಈ ಬಟ್ಟಿ ಎಲ್ಲ ಕಿತ್ತಿ ಖಾಕಿ ಕಾಗದ ಹಚ್ಚಬೇಕಾಗ್ತದ. ಸಾಹೇಬ್ರ ಕೈಗೆ ಇರುವಿ ಕಡದ್ರ ನನ್ನ ಗತಿ ಏನ್ರಿ?”

“ರೊಟ್ಟಿ ತಗಿಯಂಗಿಲ್ಲ.”

“ಯಾಕ್ರಿ?”

“ಉಂಡವರ ಬಾಯಾಗಿಂದ ತುತ್ತು ಕಸೀಲೇನು? ಮಕ್ಕಳು ಓದೋ ಪುಸ್ತಕ ರೀ, ಉಪಾಸ ನಿಂದ್ರಸಲೇನು?”

“ಆಯಿ, ತಗದುಬಿಡು,” ಅಂದೆ ನಾನು. “ಇಲ್ಲಂದ್ರ ನಿನ್ನ ಕೆಲಸ ಅಲ್ಮಾರ್ಯಾಗ ನಿಂದ್ರಂಗಿಲ್ಲ.”

ಆಯಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಚೀಲದೊಳಗೆ ಕೈಹಾಕಿ ಶಬ್ದಕೋಶ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮೇಲಿನ ಇರುವೆಗಳನ್ನು ಮೆಲ್ಲಗೆ ಊದಿದಳು. ಆಮೇಲೆ ಅಂದಳು, “ನಿಂದ್ರದಿದ್ರ ಬಿಡ್ಲಿ. ನಮ್ಮವ್ವನ ಮಾತು ಮುರಿಯಂಗಿಲ್ಲ.”

ಮೇಡಂ ಕೊನೆಯ ಪ್ರಯತ್ನ ಎಂಬಂತೆ ಕೈಮುಗಿದು ಮೇಲೆ ತೊಲೆಯ ಕಡೆ ನೋಡಿದರು. “ನಿಮ್ಮವ್ವನ್ನ ಕೇಳಿ ಬರೋಣಂದ್ರ ಎಲ್ಲಿಗಂತ ಹೋಗ್ಲಿರಿ? ಪುಣ್ಯವಂತಿ, ಹೋದವರು...”

“ಯಾರ್ ಹೋದವರು?”

ಬಾಗಿಲಲ್ಲಿ ಒಂದು ಮುದುಕಿ ನಿಂತಿತ್ತು. ಆಯಿ ಮುದುಕಿಯಾದರೆ ಇದಕ್ಕೆ ಹೊಸ ಶಬ್ದ ಬೇಕು. ನನ್ನ ಸೊಂಟದಷ್ಟು ಎತ್ತರ, ಅದರಲ್ಲೂ ಅರ್ಧ ಬಾಗಿದೆ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಗಂಟು. ಮೇಡಂ ಅವರ ಮುಗಿದ ಕೈ ಮೇಲೆಯೇ ಉಳಿಯಿತು.

“ಕಂಡಕ್ಟರ್ ಹೇಳಿ ಕಳಸಿದ್ದ,” ಅಂದಿತು ಮುದುಕಿ. “ಎಲ್ಲಿ ಅದ ಅದು, ನಿನ್ನ ನಿಂತ ಕೆಲಸ?”

“ಯವ್ವಾ...” ಅಂದಳು ಆಯಿ. ಧಡಕ್ಕನೆ ಎದ್ದು ಸೆರಗು ತಲೆಗೆಳೆದುಕೊಂಡಳು. ಕಾಲುವೆಯವರಿಗೆ, ಕ್ಯಾಂಪಿನವರಿಗೆ, ಬುದ್ಧಪ್ಪನಿಗೂ ಅಂಜದ ಆಯಿ, ಹೋಂವರ್ಕ್ ತರದ ಹುಡುಗಿಯ ಹಾಗೆ ಗೋಡೆಗೆ ಒರಗಿ ನಿಂತಳು. ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ನಾನೇ ಹೇಳಿದೆ. ಸ್ವಲ್ಪವೂ ಉಪ್ಪುಖಾರ ಹಚ್ಚಲಿಲ್ಲ. ಮೊದಲ ಸಲ.

ಮುದುಕಿ ಶಬ್ದಕೋಶ ತೆಗೆದುಕೊಂಡು ಅಲುಗಾಡಿಸಿತು, ಮೂಸಿತು. “ಇದರಾಗ ರೊಟ್ಟಿ ಇಡಂತ ಯಾರ್ ಹೇಳಿದ್ರು ನಿನಗ?”

“ನೀನ ಹೇಳಿದ್ದಿಯಲ್ಲ ಯವ್ವಾ. ಹಸದ ಕೌದಿ ಬೆಚ್ಚಗ ಇಡಂಗಿಲ್ಲಂತ. ನಾ ಸಣ್ಣಾಕಿದ್ದಾಗ ನನ್ನ ಕಣ್ಣ ಮುಂದ ಒಳಗಿಟ್ಟು ಹೊಲದಿದ್ದಿ.”

ಮುದುಕಿ ಬಹಳ ಹೊತ್ತು ನೆನಪು ಮಾಡಿಕೊಂಡಿತು. ಆಮೇಲೆ ಅದರ ಹೆಗಲು ಅಲುಗತೊಡಗಿತು. ನಾವು ಅಳುತ್ತಿದೆ ಅಂದುಕೊಂಡೆವು. ನಗುತ್ತಿತ್ತು, ಹಲ್ಲಿಲ್ಲದ ಬಾಯಿ ತುಂಬ.

“ಖೋಡಿ! ಕಡೀ ಮೂಲಿ ಹೊಲಿಯೂಮುಂದ ರೊಟ್ಟಿ ಕೌದಿ ಮ್ಯಾಲ ಇಡ್ತೀವಿ, ಆಮ್ಯಾಲ ಎತ್ತಿ ಮನಿ ಕೂಸಿಗಿ ತಿನ್ನಸ್ತೀವಿ. ಇಷ್ಟ ಪದ್ಧತಿ. ಅವತ್ತ ನೀ ಸಿಟ್ಟಿಗೆದ್ದು ಬಾಯಿ ತೆರೀಲಿಲ್ಲ. ಎಷ್ಟ ರಮಿಸಿದ್ರೂ ತೆರೀಲಿಲ್ಲ. ನಂಗೂ ಸಿಟ್ ಬಂತು. ನೀ ತಿನ್ನಬ್ಯಾಡ, ಕೌದೀನ ತಿನ್ಲಿ ಅಂತ ಒಳಗ ಹಾಕಿ ಹೊಲದುಬಿಟ್ಟಿನಿ.”

“ಮತ್ತ ಬೆಚ್ಚಗ ಇಡಂಗಿಲ್ಲ ಅಂದದ್ದು?”

“ನಿನ್ನ ಹೊಟ್ಟಿ ಉರಸಾಕ ಅಂದಿದ್ನೆಲೇ!”

ಶಹಾಪುರದ ಎಷ್ಟು ಕೌದಿಗಳ ಮೂಲೆಯಲ್ಲಿ ಎಷ್ಟು ರೊಟ್ಟಿ ಇರಬಹುದು ಅಂತ ನಾನು ಯೋಚಿಸಿದೆ. ನಮ್ಮೂರ ಇಲಿಗಳು ಇಷ್ಟು ದುಂಡಗಿರುವ ಕಾರಣ ಅವತ್ತು ತಿಳಿಯಿತು.

“ಕತ್ತರಿ ತಗೀ,” ಅಂದಿತು ಮುದುಕಿ.

ಆಯಿ ಕತ್ತರಿ ತೆಗೆದಳು. ಬೆನ್ನು ಬಿಚ್ಚಿದಳು, ರೊಟ್ಟಿ ಕೊಡವಿದಳು, ಅದೇ ಪಟ್ಟಿಯಿಂದ ಮತ್ತೆ ಹೊಲಿದಳು. ಮುದುಕಿ ಶಬ್ದಕೋಶವನ್ನು ಒಳಗಿನ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೈ ಬಿಟ್ಟು, ಕೋಲಿನ ಮೇಲೆ ಬಾಗಿ ನೋಡಿತು. ಹಸಿರು ಜಂಪರು ಅಲುಗದೆ ನಿಂತಿತ್ತು.

“ನಿಂತಾದ ನೋಡು,” ಅಂದಿತು. “ಚಲೋ ನಿಂತಾದ.”

ಆಮೇಲೆ ತನ್ನ ಗಂಟು ಬಿಚ್ಚಿ ಒಂದು ಮೆತ್ತನೆ ರೊಟ್ಟಿ ತೆಗೆದು, ತುತ್ತು ಮುರಿದು, ಬೆಲ್ಲ ಹಚ್ಚಿ, ಪುಸ್ತಕದ ನೆತ್ತಿಗೆ ಒಮ್ಮೆ ಮುಟ್ಟಿಸಿ, ಆಯಿಯ ಬಾಯಿಯ ಹತ್ತಿರ ಹಿಡಿಯಿತು.

“ಈಗರ ತೆರೀತಿ ಇಲ್ಲೋ?”

ಆಯಿ ಮೇಡಂ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಇದನ್ನು ಓಣಿಯಲ್ಲಿ ಎಲ್ಲಿಯಾದರೂ ಬಾಯಿಬಿಟ್ಟರೆ ನಿನ್ನ ತುಟಿಗೇ ದಬ್ಬಣ ಹಾಕುತ್ತೇನೆ ಅನ್ನುವ ನೋಟ. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು.